ಅಕ್ಕನ ಹಲ್ಲು, ಆರೋಗ್ಯದ ಪಾಠ

ನನ್ನ ಅಕ್ಕ ಯಾರೆದುರಿಗೂ ನಗುತ್ತಿರಲಿಲ್ಲ. ನಗು ಬರುತ್ತಿರಲಿಲ್ಲವೆಂದಲ್ಲ, ಬಂದರೆ ಬಾಯಿ ಮುಚ್ಚಿಕೊಂಡು ಹಿತ್ತಲಿಗೆ ಓಡುತ್ತಿದ್ದಳು. ಅವಳ ಹಲ್ಲುಗಳ ಮೇಲೆ ಕಂದು ಪಟ್ಟೆಗಳಿದ್ದವು. ಹುನಗುಂದದ ಹತ್ತಿರ ನಮ್ಮೂರು. ಕನ್ಯೆ ನೋಡಲು ಬಂದವರ ಜೊತೆ ಒಬ್ಬ ಹಿರಿಯ ಹೆಂಗಸು ಇದ್ದೇ ಇರುತ್ತಿದ್ದಳು. ಏನಾದರೂ ಚೇಷ್ಟೆಯ ಮಾತಾಡಿ ಹುಡುಗಿಯನ್ನು ನಗಿಸುವುದು, ಸಂತೆಯಲ್ಲಿ ಎತ್ತಿನ ಹಲ್ಲು ನೋಡಿದ ಹಾಗೆ ನೋಡುವುದು ಅವಳ ಕೆಲಸ. ಹೀಗೆ ನೋಡಿಯೇ ಎರಡು ಮನೆಯವರು ಎದ್ದು ಹೋದರು. "ಹಲ್ಲ ತಿಕ್ಕದಾಕಿ ಭಾಂಡೆ-ಪಾತ್ರಿ ಏನ ತಿಕ್ಕ್ಯಾಳು" ಎಂದು ಅವರಲ್ಲೊಬ್ಬಳು ಅಂಗಳದಲ್ಲೇ ಅಂದಳು.

ಅವ್ವ ಆ ಸಿಟ್ಟನ್ನೆಲ್ಲ ಅಕ್ಕನ ಮೇಲೆ ತೀರಿಸಿದಳು. "ಆಡ್ಕೊಳ್ಳಾರ ಮುಂದ ಎಡವಿ ಬಿದ್ದಂಗ ಆತು. ನಿನ್ನ ತಂಗೀನ ನೋಡಿ ಕಲಿ." ನನ್ನನ್ನು ನೋಡಿ ಕಲಿಯಬೇಕಂತೆ! ನಾನೋ ಶುದ್ಧ ಸೋಮಾರಿ, ಬೆರಳಿಗೆ ಬೂದಿ ಹಚ್ಚಿ ಅವ್ವನಿಗೆ ತೋರಿಸಿ ಬಾಯಿ ಮುಕ್ಕಳಿಸುವವಳು. ಅಕ್ಕ ದಿನಕ್ಕೆರಡು ಸಲ ತಿಕ್ಕುತ್ತಿದ್ದಳು. ವ್ಯತ್ಯಾಸ ಇಷ್ಟೇ: ನಾನು ಸಣ್ಣವಳಿದ್ದಾಗ ಬಾದಾಮಿಯ ಅಜ್ಜಿ ಮನೆಯಲ್ಲಿ ಬೆಳೆದೆ, ಅವಳು ಇಲ್ಲೇ ಬೆಳೆದಳು.

ಎಂಬತ್ತರ ದಶಕದ ಮೊದಲ ವರ್ಷಗಳು. ನಾನು ಒಂಬತ್ತನೆಯ ತರಗತಿಯಲ್ಲಿದ್ದೆ. ಬಾಗಲಕೋಟೆಯಲ್ಲಿ ವಿಜ್ಞಾನ ವಸ್ತು ಪ್ರದರ್ಶನವಿದೆ, ನಿಮ್ಮ ಮನೆಯ ಪ್ರಶ್ನೆಯನ್ನೇ ತನ್ನಿ ಎಂದರು ನಮ್ಮ ವಿಜ್ಞಾನದ ಸರ್. ನಾನು ಅಕ್ಕನ ಹಲ್ಲಿನ ಪ್ರಶ್ನೆ ಒಯ್ದೆ. ಸರ್ ನಗಲಿಲ್ಲ. "ನೀರ ಎಲ್ಲಿಂದ ತರ್ತೀರಿ?" ಎಂದು ಕೇಳಿದರು. ನಮ್ಮ ಮೇಲಿನ ಓಣಿಗೆ ಹಳೆಯ ಆಳದ ಬಾವಿ, ಕೆಳಗಿನ ಓಣಿಯವರಿಗೆ ಹಳ್ಳದ ಉಸುಕಿನಲ್ಲಿ ತೋಡಿದ ವರತಿ. ಎರಡೂ ಓಣಿಯ ಮಕ್ಕಳನ್ನು ಸಾಲಾಗಿ ನಿಲ್ಲಿಸಿ "ಈ" ಅನ್ನಿಸಿದೆವು. ಹುಡುಗರು ನನ್ನನ್ನು ಹಲ್ಲಿನ ಡಾಕ್ಟರು ಎಂದು ಕಾಡಿದರು. ಮೇಲಿನ ಓಣಿಯಲ್ಲಿ ಬಹುತೇಕ ಎಲ್ಲರ ಹಲ್ಲಿಗೂ ಕಲೆ. ಕೆಳಗಿನ ಓಣಿಯಲ್ಲಿ ಹುಡುಕಿದರೂ ಸಿಗಲಿಲ್ಲ. ನೀರಿನಲ್ಲಿರುವ ಫ್ಲೋರೈಡಿನಿಂದ ಹೀಗಾಗುತ್ತದೆಂದು ಎಷ್ಟೋ ವರ್ಷಗಳ ಮೇಲೆ ಓದಿದೆ. ಆಗ ನಮಗೆ ಗೊತ್ತಾದದ್ದು ನೀರಿನಿಂದ ಅನ್ನುವುದಷ್ಟೇ.

ಪ್ರದರ್ಶನಕ್ಕೆ ಒಯ್ಯುವ ತಕ್ತೆಯ, ಅಂದರೆ ದೊಡ್ಡ ರಟ್ಟಿನ ಹಾಳೆಯ ಮೇಲೆ ಹಲ್ಲಿನ ಚಿತ್ರ ಬರೆಯಬೇಕಿತ್ತು. ಅಕ್ಕ ಹೊಸ್ತಿಲ ಬೆಳಕಿಗೆ ಕೂತು, ನನಗಾಗಿ ಬಾಯಿ ತೆರೆದಳು.

"ನೀರಿಂದ ಅಂತ ಖರೇನ ಬರೀತಾರೇನ?" ಎಂದು ಕೇಳಿದಳು.

"ಬರೀತಾರ. ದೊಡ್ಡ ಅಕ್ಷರದಾಗ."

"ಹಂಗಾದ್ರ ನಿಮ್ಮ ಸಾಲಿಗೆ ಅವ್ವನ್ನ ಕರಕೊಂಡು ಬರ್ತೇನಿ. ನಾನ ಓದಿ ಹೇಳ್ತೇನಿ ಆಕಿಗೆ." ಅವ್ವನಿಗೆ ಓದು ಬರುತ್ತಿರಲಿಲ್ಲ, ಅಕ್ಕ ನಾಲ್ಕನೆಯ ತರಗತಿಯವರೆಗೆ ಕಲಿತಿದ್ದಳು.

ಪ್ರದರ್ಶನಕ್ಕೊಂದು ನಿಯಮವಿತ್ತು. ಯಾವ ಪಾಠಕ್ಕೆ ಸೇರಿದ್ದು, ಆ ಪಾಠದ ಉದ್ದೇಶವೇನು ಎಂದು ಮೇಲೆ ಬರೆಯಬೇಕು. ನೀರಿನ ಪಾಠದಲ್ಲಿ ಹಲ್ಲಿನ ಸುದ್ದಿ ಇರಲಿಲ್ಲ. ಹಲ್ಲು ಇದ್ದದ್ದು ಆರೋಗ್ಯದ ಪಾಠದಲ್ಲಿ. ಸರಿಯಾಗಿ ತಿಕ್ಕದಿದ್ದರೆ ಕಲೆಯಾಗುತ್ತದೆಂದು ಅದನ್ನು ಬರೆದ ಪುಣ್ಯಾತ್ಮರು ಬರೆದಿದ್ದರು.

"ಪುಸ್ತಕದಾಗ ಇಲ್ಲದ್ದನ್ನ ನಾವು ಹೆಂಗ ತೋರಸೂದ್ರಿ?" ಎಂದರು ಹೆಡ್‌ಮಾಸ್ತರು. ಸರ್ ಹೊಸಬರು, ಮೆತ್ತಗಿನ ಮನುಷ್ಯ. ಎರಡು ದಿನ ವಾದಿಸಿದರು, ಆಮೇಲೆ ಬಿಳಿ ಹಾಳೆಯ ಪಟ್ಟಿ ಕತ್ತರಿಸಿ, 'ಬಾವಿಯ ನೀರು' ಎಂದಿದ್ದ ಕಡೆ ಅಂಟಿಸಿ, ಅದರ ಮೇಲೆ 'ಹಲ್ಲು ತಿಕ್ಕದವರ ಬಾಯಿ' ಎಂದು ಬರೆದರು. ಅದರ ಕೆಳಗೆ ಅಕ್ಕನ ಹಲ್ಲು. ನನಗೆ ಮೈಯೆಲ್ಲ ಉರಿಯಿತು. ಜಗಳ ತೆಗೆದೆ.

"ಹಿಂಗ ಬರದ್ರ ಬಾಗಲಕೋಟಿಗೆ ಹೋಗ್ತೈತಿ, ಇಲ್ಲಂದ್ರ ಇಲ್ಲೇ ಬೀಳ್ತೈತಿ," ಎಂದರು ಸರ್. "ನೀರಿಂದು ಅಲ್ಲಿ ಬಾಯಿಲೆ ಹೇಳವಾ."

ಹೇಳಲು ಹೋದೆ. ಅಂಕ ಹಾಕಲು ಬಂದ ಹಿರಿಯರು ನಡುವೆಯೇ ತಡೆದು, "ಇದು ಪಾಠದಾಗ ಐತೇನು?" ಎಂದು ಕೇಳಿದರು. ಇಲ್ಲವೆಂದೆ. "ಮತ್ತ ಪಾಠದಾಗ ಇದ್ದದ್ದ ಹೇಳು." ಹಾಳಾದ ತಕ್ತೆಗೆ ಮೂರನೆಯ ಬಹುಮಾನ ಬಂತು, ಸಾಲೆಯ ಗೋಡೆಗೆ ಅದನ್ನು ತೂಗುಹಾಕಿದರು.

ಬರಬೇಡ ಎಂದು ಅಕ್ಕನಿಗೆ ಹೇಳಿದೆ. ಬರೆದದ್ದು ತಪ್ಪಾಗಿದೆ ಎಂದೂ ಹೇಳಿದೆ. ಅವಳು ಕೇಳಲಿಲ್ಲ. ಸಾಲೆಯ ವಾರ್ಷಿಕ ಗ್ಯಾದರಿಂಗಿಗೆ ಇಳಕಲ್ ಸೀರೆ ಉಟ್ಟು, ಅವ್ವನ ಕೈ ಹಿಡಿದುಕೊಂಡೇ ಬಂದಳು. ತಕ್ತೆಯ ಮುಂದೆ ನಿಂತು, ಒಂದೊಂದೇ ಅಕ್ಷರ ಕೂಡಿಸಿ ಗಟ್ಟಿಯಾಗಿ ಓದತೊಡಗಿದಳು. ಕೊನೆಯ ಶಬ್ದಕ್ಕೆ ಬರುವ ಹೊತ್ತಿಗೆ ದನಿ ಸಣ್ಣದಾಯಿತು, ಆದರೂ ಬಿಡದೆ ಓದಿ ಮುಗಿಸಿದಳು.

"ಅದು ಸುಳ್ಳ, ಅಕ್ಕ. ನೀರಿಂದನ ಆಗೂದು," ಎಂದೆ. ನನಗೆ ಅಳು ಬಂದಿತ್ತು.

"ಸಾಲ್ಯಾಗ ಬರದ ಹಚ್ಚ್ಯಾರಂದ್ರ ಸುಳ್ಳ ಇರ್ತೈತೇನ, ಹುಚ್ಚಿ," ಎಂದಳು ಅಕ್ಕ. ಆಮೇಲೆ ಅವ್ವನ ಕಡೆ ತಿರುಗಿದಳು.

"ತಪ್ಪ ನಂದ ಯವ್ವಾ. ನೀ ಅಂದದ್ದ ಖರೆ."