‘ಳ’ ಅಕ್ಷರಕ್ಕೆ ಬಿಟ್ಟ ಸ್ಥಳ

ನನ್ನ ಮೇಜಿನ ಡ್ರಾಯರಿನಲ್ಲಿ, ಗುಂಡುಪಿನ್ನಿನ ಡಬ್ಬಿಗೂ ಸವೆದ ರಿಬ್ಬನ್ನಿನ ಸುರುಳಿಗೂ ನಡುವೆ, ಒಂದು ಕಪ್ಪು ಪೆನ್ನು ಮಲಗಿದೆ. ಕ್ಯಾಪಿನ ಕ್ಲಿಪ್ಪು ಎಂದೋ ಮುರಿದಿದೆ, ನಿಬ್ಬಿನ ಕತ್ತಿನಲ್ಲಿ ಮಸಿ ಒಣಗಿ ಹೆಪ್ಪುಗಟ್ಟಿದೆ. ಹಳೇ ಪೇಪರಿನವನು ಕೂಡ ಬೇಡವೆನ್ನುವ ಈ ವಸ್ತುವಿನ ಹೆಚ್ಚುಗಾರಿಕೆ ಏನೆಂದು ನೀವು ಕೇಳಿದರೆ, ಸ್ವಲ್ಪ ಸಂಕೋಚದಿಂದಲೇ ಹೇಳಬೇಕು: ಇದು ತನ್ನ ಆಯುಷ್ಯದಲ್ಲಿ ಬರೆದದ್ದು ಒಂದೇ ಅಕ್ಷರ. ಸಹಿ ಹಾಕಿಲ್ಲ, ಕಾಗದ ಬರೆದಿಲ್ಲ, ಸಾಮಾನಿನ ಚೀಟಿಯನ್ನೂ ಗೀಚಿಲ್ಲ. ಬರೆದದ್ದು ಬರೀ ‘ಳ’. ಅದನ್ನು ಮಾತ್ರ ಸಾವಿರಾರು ಸಲ ಬರೆದಿದೆ.

ಇಷ್ಟು ವರ್ಷ ತೆಪ್ಪಗಿದ್ದ ಪೆನ್ನು ಈಗ ಬೆಳಕಿಗೆ ಬಂದದ್ದು ಮುಮ್ತಾಜಳ ದೆಸೆಯಿಂದ. ಮುಮ್ತಾಜ್ ನನ್ನ ಗೆಳತಿ. ಶಿಡ್ಲಘಟ್ಟದ ನನ್ನ ಟೈಪಿಂಗ್ ಇನ್‌ಸ್ಟಿಟ್ಯೂಟಿನ ಪಕ್ಕದ ಮನೆಯವಳು. ಅವರ ಮನೆಯಲ್ಲಿ ಮೂರು ತಲೆಮಾರಿನಿಂದ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುತ್ತಾರೆ. ಇನ್‌ಸ್ಟಿಟ್ಯೂಟಿನಲ್ಲಿ ಅವಳದು ಅರ್ಧ ಪಾಲು, ಅದರ ಜಗಳಗಳಲ್ಲಿ ಮುಕ್ಕಾಲು. ಹೊಸ ಶತಮಾನ ಬಾಗಿಲಿಗೆ ಬಂದು ನಿಂತಿದೆ, ಹುಡುಗಿಯರು ಕಂಪ್ಯೂಟರ್ ಕೇಳುತ್ತಿದ್ದಾರೆ ಎಂದು ಹೋದ ವಾರ ಎರಡು ಕರಪತ್ರ ತಂದು ನನ್ನ ಮುಂದೆ ಹರಡಿದಳು. ಒಂದರಲ್ಲಿ ಪರದೇಶದ ಹೆಸರುವಾಸಿ ಕಂಪನಿಯ ಲ್ಯಾಪ್‌ಟಾಪು, ಪುಸ್ತಕದ ಹಾಗೆ ಮಡಚುವಂಥದ್ದು. ಇನ್ನೊಂದರಲ್ಲಿ ಅದರ ಕಾಲು ಭಾಗದ ಬೆಲೆಗೆ ಸಿಗುವ, ಯಾರೋ ಬಳಸಿ ಬಿಟ್ಟಿದ್ದನ್ನು ಬಿಚ್ಚಿ ಸರಿಮಾಡಿದ, ಹೆಸರಿಲ್ಲದ ಲ್ಯಾಪ್‌ಟಾಪು. ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ದಿಬ್ಬೂರಹಳ್ಳಿಗೂ ಚಿಂತಾಮಣಿಗೂ ಹೋಗಿ ಅಲ್ಲಿನ ಹುಡುಗಿಯರಿಗೆ ಕಲಿಸಿ ಬರಬಹುದು ಎಂಬುದು ಅವಳ ಯೋಜನೆ.

“ಹೇಳೇ, ಯಾವ್ದು ತಗಳಣ? ಎರಡ್ರಲ್ಲೂ ಅದೇ ಅಕ್ಷರ ಬರೋದು ಕಣೇ. ಹೆಸರಿಗೋಸ್ಕರ ಯಾಕಮ್ಮ ಅಷ್ಟು ಸುರೀಬೇಕು?” ಎಂದಳು.

“ಎಲ್ಲಾ ಅಕ್ಷರಾನೂ ಬರುತ್ತೆ ಅಂತ ಏನೇ ಗ್ಯಾರಂಟಿ?” ಎಂದೆ.

ಅವಳು ನನ್ನ ಮುಖ ನೋಡಿದಳು. ನಂತರ ಕರಪತ್ರಗಳನ್ನು ಮಡಚಿ, “ಯೋಚ್ನೆ ಮಾಡಿ ಹೇಳು, ಅರ್ಜೆಂಟೇನಿಲ್ಲ” ಎಂದು ಹೊರಟುಹೋದಳು. ಮುಮ್ತಾಜ್ ಅರ್ಜೆಂಟೇನಿಲ್ಲ ಎಂದದ್ದನ್ನು ನಾನು ಹಿಂದೆಂದೂ ಕೇಳಿರಲಿಲ್ಲ.

ದುಬಾರಿಯದೋ ಅಗ್ಗದ್ದೋ ಎಂಬ ಈ ವ್ಯಾಜ್ಯವನ್ನು ನಾವಿಬ್ಬರೂ ಎಂಬತ್ತರ ದಶಕದಲ್ಲೇ ಒಮ್ಮೆ ಹೂಡಿದ್ದೆವು. ಆಗ ನಾನು ಟೈಪಿಂಗ್ ಪರೀಕ್ಷೆ ಮುಗಿಸಿ, ಗೂಡಿನ ಮಾರುಕಟ್ಟೆಯ ಎದುರು ಒಂದು ಕಿಷ್ಕಿಂಧೆಯಂಥ ಅಂಗಡಿಯಲ್ಲಿ ಅರ್ಜಿ, ಕರಾರು, ವರದಿಗಳನ್ನು ಟೈಪು ಮಾಡಿಕೊಡುತ್ತಿದ್ದೆ. ನನ್ನ ಯಂತ್ರ ಇಂಗ್ಲಿಷಿನ ಒಡಲಿಗೆ ಯಾರೋ ಕನ್ನಡದ ಅಚ್ಚುಗಳನ್ನು ಬೆಸುಗೆ ಹಾಕಿದ್ದ ಮುದಿ ಯಂತ್ರ. ಅಗ್ಗವಾಗಿ ಸಿಕ್ಕಿತ್ತು, ಅಗ್ಗದ ಕೆಲಸವನ್ನೇ ಮಾಡುತ್ತಿತ್ತು. ಒಂದು ಬೇಸಿಗೆಯಲ್ಲಿ ‘ಳ’ ಅಚ್ಚಿನ ಮುಖ ಸೀಳಿ ಉದುರಿಹೋಯಿತು. ಐವತ್ತು ಚಿಲ್ಲರೆ ಅಕ್ಷರಗಳಲ್ಲಿ ಒಂದು ಹೋದರೆ ಏನು ಮಹಾ ಎಂದುಕೊಂಡೆ.

ಒಂದು ಅಕ್ಷರದ ಬೆಲೆ ತಿಳಿಯಬೇಕಾದರೆ ಅದಿಲ್ಲದೆ ಒಂದು ಪುಟ ಟೈಪು ಮಾಡಿ ನೋಡಬೇಕು. ‘ಳ’ ಇಲ್ಲದೆ ಮಳೆಯಿಲ್ಲ, ಬೆಳೆಯಿಲ್ಲ. ಹಳ್ಳಿಗಳೇ ಇಲ್ಲ, ‘ಗಳು’ ಇಲ್ಲದ್ದರಿಂದ ಯಾವುದೂ ಒಂದಕ್ಕಿಂತ ಹೆಚ್ಚಿಲ್ಲ. ಗೆಳೆತನವಿಲ್ಲ, ಕೊನೆಗೆ ಅಳುವುದಕ್ಕೂ ಆಸ್ಪದವಿಲ್ಲ. ಊರೆಲ್ಲ ರೇಷ್ಮೆಯ ಮೇಲೆ ನಿಂತಿರುವಾಗ ನನ್ನ ಯಂತ್ರದಲ್ಲಿ ಹುಳುವೇ ಹುಟ್ಟುತ್ತಿರಲಿಲ್ಲ, ‘ಹು’ ಎಂದು ಉಸಿರೆಳೆದು ನಿಂತುಬಿಡುತ್ತಿತ್ತು. ವರ್ಣಮಾಲೆಯ ಕಟ್ಟಕಡೆಯಲ್ಲಿ ಕೂತಿರುವ ಅಕ್ಷರ ಅದು. ನನಗೆ ತಿಳಿದಮಟ್ಟಿಗೆ ಕನ್ನಡದಲ್ಲಿ ಯಾವ ಪದವೂ ಅದರಿಂದ ಆರಂಭವಾಗುವುದಿಲ್ಲ; ಇನ್ನೊಂದು ಅಕ್ಷರ ಮುಂದೆ ಬಂದು ನಿಂತರಷ್ಟೇ ಅದು ಹಿಂದೆ ಬಂದು ಸೇರಿಕೊಳ್ಳುತ್ತದೆ. ಆ ಸ್ವಭಾವ ನನ್ನದೂ ಹೌದು, ನಾನಾಗಿ ಮೊದಲು ಮಾತಾಡಿದವಳಲ್ಲ.

ಮೊದಮೊದಲು ‘ಳ’ ಬದಲು ‘ಲ’ ಒತ್ತಿ ಸುಧಾರಿಸಿದೆ. “ಪರವಾಗಿಲ್ಲ ಬಿಡೇ, ನಮ್ಮಜ್ಜಿ ಹುಲು ಅಂತಾನೇ ಅನ್ನೋದು, ಹುಳಗಳು ಗೂಡು ಕಟ್ಟಲ್ಲ ಅಂದ್ವಾ?” ಎಂದು ಮುಮ್ತಾಜ್ ಧೈರ್ಯ ತುಂಬಿದಳು. ಹೀಗಿರುವಾಗ ಒಂದು ಮಂಗಳವಾರ ದಿಬ್ಬೂರಹಳ್ಳಿಯಿಂದ ಬಸ್ಸಿಳಿದು ರೇಷ್ಮೆ ಇಲಾಖೆಯ ಡೆಮಾನ್‌ಸ್ಟ್ರೇಟರ್ ಮುನಿರಾಜು ಬಂದರು. ರೈತರ ಮನೆಗಳಿಗೆ ಹೋಗಿ ಹುಳು ಸಾಕುವ ಕ್ರಮ ಹೇಳಿಕೊಡುವುದು, ವಾರಕ್ಕೊಂದು ವರದಿ ಒಪ್ಪಿಸುವುದು ಅವರ ಕೆಲಸ. ನಾನು ಟೈಪು ಮಾಡಿ ಕೊಟ್ಟ ಹಾಳೆಯನ್ನು ಓದಿ ಅವರು ಮುಖ ಗಂಭೀರ ಮಾಡಿಕೊಂಡು, “ಮೇಡಂ, ದಿಬ್ಬೂರಹಲ್ಲಿ ಅಂತ ಹಾಕಿದೀರ. ನಾನು ಹಲ್ಲಿ ಸಾಕೋ ಇಲಾಖೇಲಿ ಇಲ್ಲ” ಎಂದರು. ನಗು ಬಂತು, ನಾಚಿಕೆಯೂ ಆಯಿತು. ಅಂದಿನಿಂದ ‘ಳ’ ಬರಬೇಕಾದಲ್ಲೆಲ್ಲ ಸ್ಥಳ ಬಿಟ್ಟು ಟೈಪು ಮಾಡಿ, ಆಮೇಲೆ ಮಸಿಯಲ್ಲಿ ತುಂಬತೊಡಗಿದೆ.

ವರದಿ ಮೂರು ಪ್ರತಿ: ಒಂದು ಸಾಹೇಬರಿಗೆ, ಒಂದು ಫೈಲಿಗೆ, ಒಂದು ಮುನಿರಾಜು ಅವರಿಗೆ. ಕಾರ್ಬನ್ನು ಟೈಪಾದದ್ದನ್ನು ಮಾತ್ರ ಕೆಳಗಿಳಿಸುತ್ತದೆ, ಬಿಟ್ಟದ್ದನ್ನು ಬಿಟ್ಟಂತೆಯೇ ಇಳಿಸುತ್ತದೆ. ಹಾಗಾಗಿ ಮೂರರಲ್ಲೂ ಬೇರೆಬೇರೆಯಾಗಿ ತುಂಬಬೇಕು. ಟೈಪು ಮಾಡಲು ಕಾಲು ಗಂಟೆ, ತುಂಬಲು ಮುಕ್ಕಾಲು ಗಂಟೆ. ಮೂರನೆಯ ವಾರವೋ ನಾಲ್ಕನೆಯ ವಾರವೋ ಅವರು ಬೆಂಚಿನ ಮೇಲೆ ಕಾದು ಸಾಕಾಗಿ, ಎದುರಿನ ಅಂಗಡಿಗೆ ಹೋಗಿ ಈ ಕಪ್ಪು ಪೆನ್ನು ಕೊಂಡು ತಂದು, “ಕೊಡಿ, ನನ್ ಕಾಪಿ ನಾನೇ ತುಂಬ್ಕೊಂತೀನಿ” ಎಂದು ಮೂರನೆಯ ಹಾಳೆಯನ್ನು ಎಳೆದುಕೊಂಡರು. ಹೋಗುವಾಗ ಪೆನ್ನನ್ನು ನನ್ನ ಮೇಜಿನ ಮೇಲೆಯೇ ಬಿಟ್ಟುಹೋದರು. ಮುಂದಿನ ಮಂಗಳವಾರ ಅದು ಅಲ್ಲೇ ಇತ್ತು, ಅದರ ಮುಂದಿನದಕ್ಕೂ.

ಆ ಮುಕ್ಕಾಲು ಗಂಟೆಗಳಲ್ಲಿ ನಾವು ಆಡಿದ್ದೇನು ಎಂದು ಕೇಳಿದರೆ ಹೇಳಿಕೊಳ್ಳುವಂಥದ್ದೇನೂ ಇಲ್ಲ. ಅವರ ಊರು ಗೌರಿಬಿದನೂರು, ಮನೆಮಾತು ತೆಲುಗು. ಬೆಳಗಿನ ರೈಲಿನ ಕೂಗು ಕೇಳಿ ಎದ್ದು ಬೆಳೆದವರಂತೆ, ರೈಲಿಲ್ಲದ ದಿಬ್ಬೂರಹಳ್ಳಿಯಲ್ಲಿ ಎಚ್ಚರವೇ ಆಗುವುದಿಲ್ಲವಂತೆ. ಹುಳುಗಳಿಗೆ ನಾಲ್ಕು ಸಲ ಜ್ವರ ಬರುತ್ತದೆಂದು ಅವರೇ ಹೇಳಿದ್ದು. ಜ್ವರವೆಂದರೆ ಕಾಯಿಲೆಯಲ್ಲ, ಪೊರೆ ಬಿಡುವ ಮುನ್ನ ಹುಳು ಮೇವು ನಿಲ್ಲಿಸಿ, ತಲೆಯೆತ್ತಿ, ಸುಮ್ಮನೆ ಕೂರುವ ಹೊತ್ತು. “ಆವಾಗ ಅವಸರ ಮಾಡ್ಬಾರ್ದು ಮೇಡಂ, ಮುಟ್ಲೂಬಾರ್ದು. ಅದು ಏನೋ ಆಗೋದ್ರಲ್ಲಿ ಇರುತ್ತೆ” ಎನ್ನುತ್ತಿದ್ದರು. ಇನ್ನೊಮ್ಮೆ ನಾನು ಸಾಲಾಗಿ ‘ಹುಳು’ಗಳನ್ನು ತುಂಬುತ್ತಿರುವುದನ್ನು ನೋಡಿ, “ನಮ್ ಹುಳುಗಳ್ನ ನೀವು ಕೈಯಾರೆ ಸಾಕ್ತಾ ಇದೀರ” ಎಂದರು. ಆ ಮಾತನ್ನು ಎಷ್ಟು ದಿನ ಮನಸ್ಸಿನಲ್ಲಿ ಸಾಕಿಕೊಂಡಿದ್ದೆ ಎಂದು ಲೆಕ್ಕವಿಟ್ಟಿಲ್ಲ. ಮಂಗಳವಾರ ಬರಲಿ ಎಂದು ಆಸೆಪಡುತ್ತಿದ್ದೆ, ಅವರೇ ಮೊದಲು ಏನಾದರೂ ಹೇಳಲಿ ಎಂದು ಅದಕ್ಕಿಂತ ಹೆಚ್ಚು ಆಸೆಪಡುತ್ತಿದ್ದೆ. ಪ್ರೀತಿಯೆಂಬ ಪದಕ್ಕೆ ‘ಳ’ ಬೇಕಿಲ್ಲ, ನನ್ನ ಯಂತ್ರದಲ್ಲೇ ಬರುತ್ತಿತ್ತು, ನಾನು ಒತ್ತಲಿಲ್ಲ.

ಇದಾಗಿ ಒಂದು ವರ್ಷಕ್ಕೆ ಮುನಿರಾಜು ಒಂದು ಹಳೆಯ ವರದಿ ತಂದು ತೋರಿಸಿದರು. ಅವರ ಮೇಲಿನವರು ಪ್ರತಿಯೊಂದು ಕೈಬರಹದ ‘ಳ’ಗೂ ಕೆಂಪು ಸುತ್ತು ಹಾಕಿ, ಅಂಚಿನಲ್ಲಿ ‘ಇದು ವರದಿಯೋ, ಬಿಟ್ಟ ಸ್ಥಳ ತುಂಬಿರಿ ಎಂಬ ಪ್ರಶ್ನೆಪತ್ರಿಕೆಯೋ’ ಎಂದು ಬರೆದಿದ್ದರು. ಮುನಿರಾಜು ಅದನ್ನು ತಮಾಷೆಗೆಂದೇ ತಂದದ್ದು, ಹೊಟ್ಟೆ ಹಿಡಿದುಕೊಂಡು ನಕ್ಕರು. ನನಗೆ ಮಾತ್ರ ಆ ಕೆಂಪು ಸುತ್ತುಗಳು ನೇರ ನನ್ನ ಮೇಲೆಯೇ ಬಿದ್ದಂತಾಯಿತು. ನನ್ನ ದರಿದ್ರ ಯಂತ್ರದಿಂದ ಅವರಿಗೆ ಅವಮಾನವಾಗುತ್ತಿದೆ, ಹೇಳಲಾರದೆ ನಗುತ್ತಿದ್ದಾರೆ ಎಂದುಕೊಂಡೆ. ಸಂಕೋಚದವರ ಕಷ್ಟವೇ ಇದು, ಎದುರಿನವರು ನಕ್ಕರೂ ಅನುಮಾನ.

ಚಿಕ್ಕಬಳ್ಳಾಪುರದ ಅಂಗಡಿಯೊಂದರ ಗಾಜಿನ ಹಿಂದೆ ಹೆಸರಾಂತ ಕಂಪನಿಯ ಕನ್ನಡ ಪೋರ್ಟಬಲ್ ಟೈಪ್‌ರೈಟರ್ ಇತ್ತು. ನಾನು ಅದನ್ನು ಆರು ತಿಂಗಳು ಬರೀ ನೋಡಿ ಬಂದಿದ್ದೆ. ಮುಮ್ತಾಜ್ ಕಡ್ಡಿ ಮುರಿದಂತೆ ಹೇಳಿದಳು: “ಬೇಡ ಕಣೇ. ಒಂದು ಅಕ್ಷರಕ್ಕೋಸ್ಕರ ಹೊಸ ಮಿಷನ್ನಾ? ನಮ್ ಚರಕದ ನೂಲು ಗಂಟುಗಂಟು, ಆದ್ರೂ ಕೊಳ್ಳೋರು ಬರ್ತಾನೇ ಇದಾರೆ. ಗಂಟಿದ್ರೆ ಏನೀಗ?” ನಾನು ಕೇಳಲಿಲ್ಲ. ನನ್ನ ಮದುವೆಗೆಂದು ಅಮ್ಮ ತೆಗೆದಿಟ್ಟಿದ್ದ ಎರಡು ಬಳೆಗಳನ್ನು ಅಮ್ಮನನ್ನೇ ಕಾಡಿ ಬೇಡಿ ಇಸಿದುಕೊಂಡು ಮಾರಿದೆ. ಹೊಸ ‘ಳ’ ಬಂತು, ಅದು ಇದ್ದ ಬಳೆ ಹೋಯಿತು. ಹಳೆಯ ಯಂತ್ರವನ್ನು ಬದಲಿಗೆ ತೆಗೆದುಕೊಳ್ಳುತ್ತೀರಾ ಎಂದದ್ದಕ್ಕೆ ಅಂಗಡಿಯವರು, “ಇದ್ನ ತೂಕಕ್ಕೆ ಹಾಕ್ಬೇಕಷ್ಟೆ ತಾಯಿ” ಎಂದು ಕೈಮುಗಿದರು.

ಹಿಂದಿರುಗುವಾಗ ಬಸ್ಸಿನಲ್ಲಿ ಅದನ್ನು ಮಡಿಲಿಂದ ಇಳಿಸಲಿಲ್ಲ. ಕಂಡಕ್ಟರು “ಏನಮ್ಮ, ಹಾರ್ಮೋನಿಯಮ್ಮಾ?” ಎಂದು ಕೇಳಿದಾಗ ಹೌದೆಂದು ತಲೆಯಾಡಿಸಿದೆ, ಅಷ್ಟು ಸಂಗೀತ ಆಗ ನನ್ನೊಳಗಿತ್ತು. ಮಂಗಳವಾರ ಬರಲೆಂದು ಎಣಿಸುತ್ತ ಕುಳಿತೆ.

ಆ ಯಂತ್ರದ ಬಗ್ಗೆ ಇವತ್ತಿಗೂ ನನ್ನ ದೂರಿಲ್ಲ. ಕೀಲಿಗಳು ಬೆಣ್ಣೆಯಂತೆ ಇಳಿಯುತ್ತಿದ್ದವು, ಸಾಲುಗಳು ನೇರವಾಗಿ ನಿಲ್ಲುತ್ತಿದ್ದವು, ‘ಳ’ ಅಂತೂ ಒತ್ತಿದ ಕೂಡಲೇ ಮೂರೂ ಪ್ರತಿಗಳಲ್ಲಿ ಬಂದು ಕೂರುತ್ತಿತ್ತು. ಕಾಲು ಗಂಟೆಯಲ್ಲಿ ವರದಿ ಸಿದ್ಧ. ಮುನಿರಾಜು ಎದ್ದು ನಿಂತು, ಹಾಳೆಗಳನ್ನು ತಿರುವಿ ನೋಡಿ, “ಬಾಗುಂದಿ... ಚೆನ್ನಾಗಿದೆ ಮೇಡಂ” ಎಂದರು. ಮತ್ತೆ ಕೂರಲು ಕಾರಣವಿರಲಿಲ್ಲ. ಬಸ್ಸು ಸಿಗುತ್ತದೆ ಎಂದು ಹೊರಟರು. ಮುಂದಿನ ವಾರವೂ ಬಸ್ಸು ಸಿಕ್ಕಿತು. ನಾನು ಕೊಂಡದ್ದು ವೇಗವನ್ನು, ತೆತ್ತದ್ದು ಆ ಮುಕ್ಕಾಲು ಗಂಟೆಯನ್ನು ಎಂದು ತಿಳಿಯಲು ನನ್ನಂಥ ಬುದ್ಧಿವಂತಳಿಗೆ ಎರಡು ತಿಂಗಳು ಬೇಕಾಯಿತು.

ಅಷ್ಟರಲ್ಲಿ ಅವರಿಗೆ ಗೌರಿಬಿದನೂರಿಗೆ ವರ್ಗವಾಯಿತು. ಕೊನೆಯ ಮಂಗಳವಾರ ಚಾರ್ಜು ಒಪ್ಪಿಸುವ ಪಟ್ಟಿ ತಂದರು: ತಟ್ಟೆಗಳು, ಬಲೆಗಳು, ಔಷಧಿ ಸಿಂಪಡಿಸುವ ಯಂತ್ರಗಳು, ಎಲ್ಲವೂ ‘ಗಳು’. ಒಂದು ತಪ್ಪೂ ಇಲ್ಲದೆ ಪುಟ ಹೊರಬಂತು. ಅವರು ಬೆಂಚಿನ ಮೇಲೆಯೇ ಕೂತಿದ್ದರು, ಮೇಜಿನ ಮೇಲಿದ್ದ ಕಪ್ಪು ಪೆನ್ನನ್ನು ಕೈಗೆತ್ತಿಕೊಂಡು ಕ್ಯಾಪು ತೆಗೆದಿದ್ದರು. ಹಾಳೆಯ ಮೇಲೆ ಎರಡು ಸಲ ಕಣ್ಣಾಡಿಸಿ, ನನ್ನನ್ನು ನೋಡದೆ ಕೇಳಿದರು:

“ತುಂಬೋದು ಏನೂ ಉಳಿದಿಲ್ವಾ ಮೇಡಂ?”

ನಾನು, ಎರಡು ಬಳೆ ಮಾರಿದ ಹೆಮ್ಮೆಯವಳು, ಬೆನ್ನು ನೆಟ್ಟಗೆ ಮಾಡಿಕೊಂಡು, “ಏನೂ ಉಳಿದಿಲ್ಲ ಸರ್. ಎಲ್ಲಾ ಪೂರ್ತಿ ಆಗಿದೆ” ಎಂದೆ.

ಅವರು ಕ್ಯಾಪು ಹಾಕಿ, ಪೆನ್ನನ್ನು ಮೇಜಿನ ಮೇಲೆ ಮೊದಲಿದ್ದ ಜಾಗದಲ್ಲೇ ಇಟ್ಟು, “ಹಾಗಾದ್ರೆ ಬರ್ತೀನಿ” ಎಂದರು. ಅವರ ಮಟ್ಟಿಗೆ ಆ ಪ್ರಶ್ನೆಯೇ ಮೊದಲು ಮಾತಾಡಿದ್ದು. ಎದುರಿನವರು ಮಾತಾಡಲಿ ಎಂದು ಒಂದು ವರ್ಷಕ್ಕೂ ಮಿಕ್ಕಿ ಕಾದವಳು ಅವರು ಕೇಳಿದ ಪ್ರಶ್ನೆಗೆ ಟೈಪಿಸ್ಟಿನ ಉತ್ತರ ಕೊಟ್ಟೆ. ಸಂಜೆ ಮುಮ್ತಾಜಳಿಗೆ ಹೇಳಿದಾಗ ಅವಳು ತಲೆ ಚಚ್ಚಿಕೊಂಡು, “ಆತ ಹಾಳೇ ಬಗ್ಗೆ ಕೇಳಿದ್ನಾ, ದಡ್ಡೀ?” ಎಂದಳು. ಆಮೇಲೆ ನನ್ನ ಜೊತೆ ಅವಳೂ ಅತ್ತಳು.

ಕೆಲವು ವರ್ಷಗಳ ಮೇಲೆ ಅವರಿಗೆ ಮದುವೆಯಾಯಿತೆಂದು ಗೂಡಿನ ಮಾರುಕಟ್ಟೆಯಲ್ಲಿ ಯಾರೋ ಅಂದರು. ನಾನು ಆಗಲಿಲ್ಲ. ಆ ಹೊಸ ಯಂತ್ರದಿಂದಲೇ ಇನ್‌ಸ್ಟಿಟ್ಯೂಟು ಶುರುವಾಯಿತು, ಅದರ ಮೇಲೆ ಕೈ ಪಳಗಿಸಿಕೊಂಡ ಎಷ್ಟೋ ಹುಡುಗಿಯರು ಕಚೇರಿಗಳಲ್ಲಿ ಕೂತಿದ್ದಾರೆ. ಕೊಟ್ಟ ಬೆಲೆಗೆ ಅದು ಎಳ್ಳಷ್ಟೂ ಮೋಸ ಮಾಡಿಲ್ಲ. ಆದರೂ ಗೌರಿಬಿದನೂರಿನ ಬೋರ್ಡು ಹೊತ್ತ ಬಸ್ಸು ಕಂಡಾಗ ಕೈಬೆರಳಿಗೆ ಪೆನ್ನು ಹಿಡಿಯುವ ನೆನಪಾಗುತ್ತದೆ. ನೀವು ನನ್ನನ್ನು ನೋಡಿ ನಗಬಹುದು, ನನಗೂ ಎಷ್ಟೋ ಸಲ ನಗು ಬಂದಿದೆ.

ನಿನ್ನೆ ಮುಮ್ತಾಜಳಿಗೆ ನನ್ನ ತೀರ್ಮಾನ ತಿಳಿಸಿದೆ: ದುಬಾರಿಯದನ್ನೇ ಕೊಳ್ಳೋಣ. ಕಲಿಯುವ ಹುಡುಗಿಯರಿಗೆ ಒಂದು ಅಕ್ಷರವೂ ಕಡಿಮೆ ಬೀಳಬಾರದು; ಏನನ್ನು ಬಿಡಬೇಕು, ಏನನ್ನು ತುಂಬಬೇಕು ಎಂಬುದನ್ನು ಅವರೇ ತಮ್ಮಿಷ್ಟದಂತೆ ಕಂಡುಕೊಳ್ಳಲಿ, ಮುರಿದ ಅಚ್ಚು ಅದನ್ನು ನಿರ್ಧರಿಸುವುದು ಬೇಡ. ಅವಳು ವಾದಿಸಲೇ ಇಲ್ಲ. “ಮತ್ತೆ ಮಂಚದ ಕೆಳಗಿರೋ ಆ ಮುದುಕೀನ ಯಾವಾಗ ತೂಕಕ್ಕೆ ಹಾಕ್ತೀಯ?” ಎಂದು ಮಾತ್ರ ಕೇಳಿದಳು.

ಹಾಕುವುದಿಲ್ಲ. ಇವತ್ತು ಬೆಳಿಗ್ಗೆ ಆ ಹಳೆಯ ಯಂತ್ರವನ್ನು ಹೊರಗೆಳೆದು, ಧೂಳು ಒರೆಸಿ, ಮೂರು ಹಾಳೆಗಳ ನಡುವೆ ಎರಡು ಕಾರ್ಬನ್ನಿಟ್ಟು, ನೀವು ಈಗ ಓದುತ್ತಿರುವುದನ್ನು ಅದರಲ್ಲೇ ಟೈಪು ಮಾಡಿದೆ. ಪೆನ್ನನ್ನು ಬಿಸಿನೀರಿನಲ್ಲಿ ನೆನೆಹಾಕಿದಾಗ ಒಣಮಸಿ ಬಿಟ್ಟಿತು, ನಿಬ್ಬು ಬರೆಯಿತು. ಮೊದಲನೆಯ ಪ್ರತಿಯಲ್ಲಿ ‘ಳ’ಗಳನ್ನೆಲ್ಲ ತುಂಬಿದ್ದೇನೆ, ಅದು ನಿಮಗೆ. ಎರಡನೆಯದರಲ್ಲೂ ತುಂಬಿದ್ದೇನೆ, ಅದು ಮುಮ್ತಾಜಳಿಗೆ. ಮೂರನೆಯದರಲ್ಲಿ ಎಲ್ಲ ಜಾಗಗಳನ್ನೂ ಬಿಟ್ಟದ್ದು ಬಿಟ್ಟಂತೆಯೇ ಇಟ್ಟು, ಮೇಲೆ ಪೆನ್ನನ್ನಿಟ್ಟಿದ್ದೇನೆ. ಯಾರಾದರೂ ಬಂದು ಕೇಳಿದರೆ ಈ ಸಲ ಸರಿಯಾದ ಉತ್ತರ ಗೊತ್ತಿದೆ: ಉಳಿದಿದೆ.