ಸಾಲಿಗೆ ಹೋದ ಸೀರೆ

ನಮ್ಮ ಬಾಜು ಮನೆಯ ಕಾಂತಾಳ ಕೈಗೆ ಬಂದ ಬಟ್ಟೆ ಹಾಳಾದದ್ದನ್ನು ನಾನು ಕಂಡಿಲ್ಲ. ಹೋದ ಬೇಸಿಗೆಯಲ್ಲಿ ಒಂದು ಸಲ ಮಾತ್ರ, ಹಾಳಾಗಿಯೇ ಹೋಯಿತೆಂದು ಎದೆ ಒಡೆದುಕೊಂಡಿದ್ದೆ. ಅದನ್ನು ನೆನೆದರೆ ಈಗಲೂ ಕೂತಲ್ಲಿ ಕೂಡಲಾಗುವುದಿಲ್ಲ ನನಗೆ!

ಕಾಂತಾ ರೋಣದ ಕಡೆಯ ಹುಡುಗಿ. ಗಂಡ ಬಾಳೇಶ ಮಚ್ಛೆಯ ಕಾರ್ಖಾನೆಗೆ ಹೋಗುತ್ತಾನೆ. ಅವನ ಅಂಗಿಯ ಎಣ್ಣೆ ಕಲೆ ತೆಗೆಯುತ್ತ ತೆಗೆಯುತ್ತಲೇ ಇವಳಿಗೆ ಬಟ್ಟೆಯ ಹುಚ್ಚು ಹಿಡಿಯಿತು. ಬೇಸಿಗೆಯ ಬೆವರಿನ ಅಂಗಿಯನ್ನು ರಾಶಿ ಹಾಕಗೊಡುವುದಿಲ್ಲ, ಬಿಚ್ಚಿದ ಕೂಡಲೇ ಗಾಳಿಗೆ ಹರವಬೇಕು. ಬಣ್ಣದ್ದಾದರೆ ಒಳಮಗ್ಗಲು ಹೊರಗೆ ಮಾಡಿ ಹಾಕಬೇಕು. ಓಣಿಯವರೆಲ್ಲ ಇವಳಿಂದಲೇ ಒಗೆಸಿ ಇಸ್ತ್ರಿ ಮಾಡಿಸತೊಡಗಿದರು. ಆದರೆ ರೇಷ್ಮೆ ಮಾತ್ರ ಯಾರೂ ಕೊಡಲೊಲ್ಲರು. "ಆಯಿ, ಒಂದ ರೇಶ್ಮಿ ಸೀರಿ ಕೈಗೆ ಸಿಗಲಿ, ಆಮ್ಯಾಲ ನೋಡ ನನ್ನ ಕೆಲಸ" ಎನ್ನುತ್ತಿದ್ದಳು.

ಕೊಡಿಸಿದವಳು ನಾನೇ. ಬೆಳಗಾವಿ ರವಿವಾರ ಪೇಟೆಯ ತಾರಾಬಾಯಿಯ ಮನೆಗೆ, ನಮ್ಮ ಯಜಮಾನರು ಇದ್ದಾಗಿನಿಂದ ಬೆಣ್ಣೆ ಹಾಕಿದವಳು ನಾನು. ಅವರ ಮೊಮ್ಮಗಳು ಅನುಜಾಳ ನಿಶ್ಚಯ ಗೊತ್ತಾಗಿತ್ತು. ಪಣಜ್ಜಿ, ಅಂದರೆ ತಾರಾಬಾಯಿಯ ಅವ್ವ, ಉಟ್ಟ ಕೆಂಪು ರೇಷ್ಮೆಯನ್ನೇ ಉಡುತ್ತೇನೆಂದು ಹುಡುಗಿಯ ಹಠ. ಪೆಟ್ಟಿಗೆಯಲ್ಲಿ ಇದ್ದೂ ಇದ್ದೂ ಸೀರೆ ಮುಗ್ಗಿ ಹೋಗಿತ್ತು. ಖಾನಾಪುರದ ಬೀಗರ ಮನೆಗೆ ಬಂದಿದ್ದ ತಾರಾಬಾಯಿ ನಮ್ಮ ಓಣಿಗೂ ಬಂದು, ನನ್ನ ಮಾತಿನ ಮೇಲೆ ಅದನ್ನು ಕಾಂತಾಳ ಕೈಗಿಟ್ಟರು. ಅವರ ತವರು ಕೊಲ್ಲಾಪುರ, ಅವಸರವಾದರೆ ಬಾಯಿಗೆ ಮರಾಠಿಯೇ ಬರುತ್ತದೆ.

"ಸಾವಲೀತ ವಾಳವ ಹಂ!" ಎಂದು ಕಾರು ಹತ್ತುತ್ತ ಕೂಗಿದರು. "ಬಣ್ಣ ಹೋತಂದ್ರ ನನ್ನ ಅವ್ವ ಇನ್ನೊಮ್ಮೆ ಹೋದಂಗ ನೋಡ!"

ನೆರಳಿನಲ್ಲಿ ಒಣಗಿಸು ಎಂದು ಅದರರ್ಥ. ಕಾಂತಾ ಗೋಣು ಹಾಕಿದಳು. ತಿಳಿಯಿತೆಂದುಕೊಂಡೆ.

ಮರುದಿನ ಅಂಟುವಾಳದ ಕಾಯಿ ನೆನೆಸಿ, ನೊರೆ ಎಬ್ಬಿಸಿ, ಕೂಸಿಗೆ ಎರೆದ ಹಾಗೆ ಸೀರೆಯನ್ನು ಎರೆದಳು. ಹಿಂಡಲಿಲ್ಲ. ಟವೆಲ್ಲಿನಲ್ಲಿ ಸುರುಳಿ ಸುತ್ತಿ ನೀರು ಹೀರಿಸಿದಳು. ಅಷ್ಟು ನೋಡಿ ನಾನು ಕಾಯಿಪಲ್ಯ ತರಲು ಹೋದೆ. ತಿರುಗಿ ಬರುವಾಗ ಬಿಸಿಲು ನೆತ್ತಿ ಸುಡುತ್ತಿತ್ತು. ಆಗ ಫೋನು ಬಡಿದುಕೊಂಡಿತು.

"ಮಾಯವ್ವಾ, ಸೀರಿ ಬಿಸಲಾಗ ಇಲ್ಲಲಾ?"

"ಏ, ಇಲ್ರಿ ತಾರಾಬಾಯಾರ" ಎನ್ನುತ್ತ ಕಾಂತಾಳ ಹಿತ್ತಲಿಗೆ ಇಣುಕಿದೆ. ತಂತಿ ಖಾಲಿ! ಕದಕ್ಕೆ ಕೀಲಿ! ಎದುರು ಮನೆಯ ಪ್ರಮಿಳಾ ಕಟ್ಟೆಯ ಮೇಲಿಂದಲೇ ಹೇಳಿದಳು: "ಕಾಂತಾನ್ನ ಹುಡುಕ್ತೀ ಏನ ಆಯಿ? ಹಸೀ ಸೀರಿ ಹೆಗಲ ಮ್ಯಾಲ ಹಾಕ್ಕೊಂಡ ಸಾಲಿಗೆ ಹೋದ್ಲು."

"ಸಾಲಿಗಿ? ಸಾಲ್ಯಾಗ ಏನೈತಿ ಆಕೀದು?"

"ಒಣಗಸಾಕಂತ!"

ನಮ್ಮೂರ ಶಾಲೆಯ ಅಂಗಳದಲ್ಲಿ ಒಂದು ಗಿಡವಿಲ್ಲ. ಬೇಸಿಗೆಯಲ್ಲಿ ಅದು ಕಾದ ಹಂಚು. ಧ್ವಜದ ಕಂಬಕ್ಕೇ ಕಟ್ಟಿದಳೋ ಏನೋ! ಫೋನಿನೊಳಗೆ ತಾರಾಬಾಯಿ "ಏನಾತ? ಏನಾತ?" ಅನ್ನುತ್ತಲೇ ಇದ್ದರು. ಅವರನ್ನು ಹಾಗೆಯೇ ಸೊಂಟಕ್ಕೆ ಸಿಕ್ಕಿಸಿಕೊಂಡು ಓಡಿದೆ. ನಾನು ಓಡುವುದನ್ನು ಕಂಡು ಓಣಿಯ ನಾಯಿ ಮಲಗಿದ್ದು ಎದ್ದು ನಿಂತಿತು.

ಹೋಗಿ ನೋಡಿದರೆ ಅಂಗಳದಲ್ಲಿ ಏನೂ ಇಲ್ಲ. ತಲೆ ಎತ್ತಿದೆ. ಅಬಬಬಾ! ಶಾಲೆಗೆ ಬೇಸಿಗೆಯ ಸೂಟಿ ಬಿದ್ದು ಕೋಣೆಗಳಿಗೆಲ್ಲ ಬೀಗ. ಮುಂದಿನ ಉದ್ದನೆಯ ವರಾಂಡದಲ್ಲಿ ಈ ಕಂಬದಿಂದ ಆ ಕಂಬಕ್ಕೆ ಕಟ್ಟಿದ ಹಗ್ಗದ ಮೇಲೆ ಕೆಂಪು ಸೀರೆ ಗಾಳಿಗೆ ಉಬ್ಬಿ ಇಳಿದು, ಉಬ್ಬಿ ಇಳಿದು ಕುಣಿಯುತ್ತಿತ್ತು. ಬಿಸಿಲಿನ ಒಂದು ಎಳೆಯೂ ಅದಕ್ಕೆ ತಾಗಿರಲಿಲ್ಲ. ಬಣ್ಣವೋ, ಒಡೆದ ದಾಳಿಂಬೆ! ಶಾಲೆಯ ಸಿಪಾಯಿ ದುಂಡಪ್ಪ ಕೋಲು ಹಿಡಿದು ಆಡು ಓಡಿಸುತ್ತಿದ್ದ.

"ಬರ್ರಿ ಆಯಿ. ಸೂಟ್ಯಾಗ ಹುಡುಗೂರ ಯಾರೂ ಇಲ್ಲ, ಇದೊಂದ ಸೀರಿ ಹಾಜರ ಐತಿ ನೋಡ್ರಿ" ಎಂದ.

ಕಾಂತಾ ಕಂಬಕ್ಕೆ ಒರಗಿ ಸೀರೆ ಕಾಯುತ್ತ ಕೂತಿದ್ದಳು. ನಾನು ಏದುಸಿರು ಬಿಡುತ್ತ ಕೇಳಿದೆ: "ಕಾಂತಾ, ಇಲ್ಲಿಗೆ ಯಾಕ ತಂದಿ?"

"ಅವ್ರ ಅಂದ್ರಲ್ಲ ಆಯಿ, ಸಾಲೀತ ವಾಳವ ಅಂತ? ವಾಳವ ಅಂದ್ರ ಒಣಗಸು, ಅಷ್ಟ ಗೊತ್ತಿತ್ತು. ನಿಮ್ಮ ಕಡೆ ರೇಶ್ಮಿ ಸಾಲ್ಯಾಗ ಒಣಗಸೂ ಪದ್ಧತಿ ಇರಬೇಕ ಅನಕೊಂಡೆ."

"ಸಾಲೀತ ಅಲ್ಲ ಹುಚ್ಚಿ, ಸಾವಲೀತ! ಸಾವಲಿ ಅಂದ್ರ ನೆರಳ!"

ಅವಳ ಮುಖ ಇಳಿದು ಹೋಯಿತು. "ಯವ್ವಾ! ಹಂಗಾರ ಸೀರಿ ಕೆಟ್ಟತೇನ?"

ಸೆರಗು ಮುಟ್ಟಿ ನೋಡಿದೆ. ತಣ್ಣಗೆ, ಹಗುರವಾಗಿ, ಆಗ ತಾನೇ ಮಗ್ಗದಿಂದ ಇಳಿದಂತಿತ್ತು. "ಎಲ್ಲಿ ಕೆಟ್ಟೈತಿ? ಇದೂ ನೆರಳ ಅಲ್ಲೇನ!" ಎಂದೆ. ಅಷ್ಟರಲ್ಲಿ ನನ್ನ ಸೊಂಟದೊಳಗಿಂದ ಯಾರೋ ಬಿದ್ದು ಬಿದ್ದು ನಗುವುದು ಕೇಳಿಸಿತು. ಫೋನು ಇಡುವುದನ್ನೇ ಮರೆತಿದ್ದೆ. ತಾರಾಬಾಯಿ ಎಲ್ಲ ಕೇಳಿಸಿಕೊಂಡಿದ್ದರು.

ನಿಶ್ಚಯಕ್ಕೆ ನಮ್ಮಿಬ್ಬರನ್ನೂ ಕರೆದಿದ್ದರು. ಅನುಜಾ ಆ ಸೀರೆ ಉಟ್ಟು ಹೊರಗೆ ಬಂದಾಗ ತಾರಾಬಾಯಿ ಅದರ ಸೆರಗನ್ನು ಕೆನ್ನೆಗೆ ಒತ್ತಿಕೊಂಡರು. ಕಣ್ಣು ಒರೆಸಿಕೊಂಡವರೇ ಕಾಂತಾಳ ರಟ್ಟೆ ಹಿಡಿದು ಹೆಂಗಸರ ನಡುವೆ ನಿಲ್ಲಿಸಿದರು: "ನೋಡ್ರಿ, ನನ್ನ ಅವ್ವನ್ನ ಈ ವಯಸ್ಸಿನ್ಯಾಗ ಸಾಲಿಗೆ ಹಾಕಿದಾಕಿ ಈಕೀನ!"

ಮನೆ ತುಂಬ ನಗು. ನಾವು ಹೊರಡುವಾಗ ಕಾಂತಾಳ ಬಗಲಲ್ಲಿ, ಆ ಹೆಂಗಸರು ಒಗೆಯಲು ಕೊಟ್ಟ ರೇಷ್ಮೆಯ ದೊಡ್ಡ ಗಂಟೇ ಇತ್ತು. ಬಸ್ಸಿನಲ್ಲಿ ಅದನ್ನು ತೊಡೆಯಿಂದ ಇಳಿಸಲೊಲ್ಲಳು.

ಈ ವರ್ಷ ಸೂಟಿ ಬಿದ್ದದ್ದೇ ತಡ, ಪೇಟೆಯಿಂದ ಮತ್ತೆ ತಾರಾಬಾಯಿಯ ಫೋನು ಬಂತು:

"ಕಾಂತಾ, ಸಾಲಿ ಚಾಲೂ ಆತಿಲ್ಲ? ನಮ್ಮ ಪೈಠಣಿ ಸೀರೀದೂ ಒಂದ ಹೆಸರ ಹಚ್ಚವಾ!"