ಹಳೇ ನಳಕ್ಕೆ ನೀರು ಬಂದದ್ದು

ಆಗ ನಿಜಾಮರ ಆಳ್ವಿಕೆ. ಗಂಗಾವತಿ ಕಡೆಯ ಒಂದು ಊರಲ್ಲಿ ಹಳೇ ಕಾಲದ ನೀರಿನ ಸಾಲು ಉಳಿದಿತ್ತು. ಗುಡ್ಡದಿಂದ ಊರತನಕ ನೆಲದಡಿ ಮಣ್ಣಿನ ಕೊಳವೆ, ಕೊನೆಗೊಂದು ಕಲ್ಲಿನ ತೊಟ್ಟಿ. ಬಂದ್ ಆಗಿದ್ದರೆ ಆ ಕಲ್ಲು ಕಿತ್ತು ರಸ್ತೆಗೆ ಹಾಕೋಣ, ನೋಡಿಕೊಂಡು ಬಾ ಎಂದು ನಮ್ಮ ರಸ್ತೆ ಕಚೇರಿಯ ಸಾಹೇಬರು ನನ್ನನ್ನು ಕಳಿಸಿದ್ದರು.

ತೊಟ್ಟಿ ಒಣಗಿ ಬಿರಿದಿತ್ತು. ಇದರಾಗ ನೋಡೋದೇನೈತಿ ಎಂದುಕೊಂಡು ಕೊಳವೆಯ ಬಾಯಿಗೆ ಕೈ ಹಾಕಿ ಕಸ ಎಳೆದೆ. ಒಳಗೆ ಗುಳುಗುಳು ಸದ್ದಾಯಿತು. ನೋಡನೋಡುತ್ತ ನನ್ನ ಅಂಗಿಯ ತೋಳು ತೊಯ್ದೇ ಹೋಯಿತು!

ಬೆಪ್ಪಾಗಿ ಸಾಲಿನ ಗುಂಟ ಮೇಲಕ್ಕೆ ನಡೆದೆ. ತುಸು ದೂರದಲ್ಲೇ ಕೊಳವೆ ಒಡೆದಿತ್ತು; ಅದರಾಚೆ ಬರೀ ಮಣ್ಣು. ಒಡಕಿನ ಹತ್ತಿರ ಹೊಸ ಮದುಮಗಳೊಬ್ಬಳು ಖಾಲಿ ಕೊಡ ಹಿಡಿದು ನಿಂತಿದ್ದಳು, ಪಕ್ಕದಲ್ಲಿ ಅವಳ ಅತ್ತೆ.

"ನೀರು ನೀವು ಹಾಕಿದ್ರೇನ್ರಿ?"

"ಹೂಂನ್ರಿ. ಹೊಸಾ ಸೊಸಿ ಬಾವಿಯಿಂದ ತಂದ ಮೊದಲನೇ ಕೊಡ ಇದಕ್ಕ ಹಾಕಬೇಕು. ಆಮ್ಯಾಲೆ ಮನಿಗೆ," ಅಂದಳು ಅತ್ತೆ. "ಕೆಳಗ ಬಂತೇನ್ರಿ?"

"ಬಂತು. ಆದ್ರ ಇದು ಬಂದ್ ಆದ ನಳ ಅಲ್ಲೇನ್ರಿ ಅವ್ವಾರ?"

ಆಕೆ ನನ್ನ ತೋಳನ್ನೇ ನೋಡಿದಳು. "ಬಂದ್ ಆಗಿದ್ರ ನಿಮ್ಮ ಅಂಗಿ ಹೆಂಗ ತೊಯ್ತು?"

ತೊಯ್ದ ತೋಳು ಹಿಂಡಿಕೊಂಡು ಕಚೇರಿಗೆ ಮರಳಿದೆ.

"ನೀರು ಬರತೈತೇನು?" ಎಂದರು ಸಾಹೇಬರು.

"ಬರತೈತ್ರಿ," ಎಂದೆ.

ಕಲ್ಲು ಉಳಿದವು. ಪುಣ್ಯಕ್ಕೆ, ಯಾವಾಗ ಬರತೈತಿ ಎಂದು ಅವರು ಕೇಳಲಿಲ್ಲ. ಕೇಳಿದ್ದರೆ, ಮುಂದಿನ ಮದುವೆ ಯಾರ ಮನೆಯಲ್ಲಿ ಎಂದು ಊರಿಗೆ ಹೋಗಿ ವಿಚಾರಿಸಿಕೊಂಡು ಬರಬೇಕಾಗುತ್ತಿತ್ತು.